ಕರು ಹಾಲು ಬಿಡುವ ಕಾಲ, ಯಂತ್ರ ಕೈಕೊಡುವ ಹೊತ್ತು

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಅಡಿಕೆ ತೋಟಗಳ ನಡುವೆ ಇರುವ ಹಟ್ಟಿಗಳಲ್ಲಿ ಹೆಚ್ಚಿನವು ಸಣ್ಣವು. ಎರಡು ಮೂರು ದನಗಳಿಂದ ಎಂಟು ಹತ್ತರವರೆಗೆ ಇರುವ ಈ ಹಟ್ಟಿಗಳು ತೋಟಕ್ಕೆ ಗೊಬ್ಬರವನ್ನೂ, ಒಲೆಗೆ ಗೋಬರ್ ಗ್ಯಾಸನ್ನೂ, ಮನೆಗೆ ಹಾಲನ್ನೂ ಒದಗಿಸಿ, ಉಳಿದ ಹಾಲನ್ನು ಸೊಸೈಟಿಗೆ ಕಳುಹಿಸಿ, ತಿಂಗಳ ಖರ್ಚಿಗೆ ಒಂದಿಷ್ಟು ರೊಕ್ಕವನ್ನು ಮನೆಗೆ ತರುತ್ತವೆ. ಅಡಿಕೆಗೆ ಕೊಳೆರೋಗ ತಗಲಿದ ವರ್ಷವೂ ಮಕ್ಕಳ ಶಾಲೆಯ ಫೀಸು ಕಟ್ಟಲು ಸಾಧ್ಯವಾದುದು ಹಟ್ಟಿಯ ದೆಸೆಯಿಂದ ಎಂದು ಹೇಳುವ ಮನೆಗಳು ನಮ್ಮಲ್ಲಿ ಕಡಿಮೆಯಲ್ಲ.

ಹಿಂದೆ ಈ ಹಟ್ಟಿಗಳಲ್ಲಿ ಹತ್ತು ಕೈಗಳು ಕೆಲಸ ಮಾಡುತ್ತಿದ್ದವು. ಈಗ ಮಕ್ಕಳು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ. ಉಳಿದಿರುವ ಎರಡು ಕೈಗಳಿಗೆ ಆಸರೆಯಾಗಿ ಹಾಲು ಕರೆಯುವ ಯಂತ್ರವೊಂದು, ಹುಲ್ಲು ಕತ್ತರಿಸುವ ಯಂತ್ರವೊಂದು ಬಂದು ನಿಂತಿವೆ. ಯಂತ್ರಗಳು ಸರಿಯಾಗಿ ನಡೆಯುವಷ್ಟು ದಿನ ಹಟ್ಟಿಯೂ ಸರಿಯಾಗಿ ನಡೆಯುತ್ತದೆ. ಮಳೆಗಾಲದಲ್ಲಿ ಒಂದು ದಿನ ಯಂತ್ರ ನಿಂತಿತೆಂದರೆ ಅದರ ಮೊದಲ ಏಟು ಬೀಳುವುದು ಹಟ್ಟಿಯಲ್ಲಿ ಎಲ್ಲರಿಗಿಂತ ಸಣ್ಣದಾದ ಜೀವದ ಮೇಲೆ, ಅಂದರೆ ಹಾಲು ಬಿಡುತ್ತಿರುವ ಕರುವಿನ ಮೇಲೆ. ಈ ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಹೇಳುತ್ತಾರೆ. ಹಟ್ಟಿಯೊಳಗೆ ಮಾತ್ರ ಅವು ಒಟ್ಟಿಗೇ ಬರುತ್ತವೆ. ಆದುದರಿಂದ ಇಲ್ಲಿಯೂ ಒಟ್ಟಿಗೇ ಹೇಳಲಾಗಿದೆ.

ಕರುವಿನ ಹೊಟ್ಟೆಯೊಳಗಿನ ಕೆಲಸ

ದನದ ಹೊಟ್ಟೆಯಲ್ಲಿ ನಾಲ್ಕು ಚೀಲಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಬೆಳೆದ ದನದಲ್ಲಿ ಒಟ್ಟು ಜಾಗದ ಸುಮಾರು ನೂರಕ್ಕೆ 80 ಪಾಲನ್ನು ಮೊದಲನೆಯ ದೊಡ್ಡ ಚೀಲವೇ ಆಕ್ರಮಿಸಿಕೊಂಡಿರುತ್ತದೆ. ಪಶುವೈದ್ಯರು ರೂಮೆನ್ ಎಂದು ಕರೆಯುವ ಈ ಚೀಲದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಕೊಳೆಯಿಸಿ ದನಕ್ಕೆ ಆಹಾರ ಮಾಡಿಕೊಡುತ್ತವೆ. ಹುಟ್ಟಿದ ಕರುವಿನಲ್ಲಿ ಸ್ಥಿತಿ ಇದಕ್ಕೆ ತಿರುವುಮುರುವು. ಅಲ್ಲಿ ಅರ್ಧಕ್ಕಿಂತಲೂ ಹೆಚ್ಚು ಜಾಗ ನಾಲ್ಕನೆಯ ಚೀಲದ್ದು. ದೊಡ್ಡ ಚೀಲ ಇನ್ನೂ ಹೆಸರಿಗೆ ಮಾತ್ರ ಇರುತ್ತದೆ. ಕರು ಹಾಲು ಚೀಪುವಾಗ ಅನ್ನನಾಳದ ಕೊನೆಯಲ್ಲಿರುವ ಒಂದು ತೋಡು ಕೊಳವೆಯಂತೆ ಮಡಚಿಕೊಂಡು ಹಾಲನ್ನು ನೇರವಾಗಿ ನಾಲ್ಕನೆಯ ಚೀಲಕ್ಕೆ ದಾಟಿಸುತ್ತದೆ. ಹೀಗಾಗಿ ಎಷ್ಟು ಹಾಲು ಕುಡಿದರೂ ದೊಡ್ಡ ಚೀಲ ಬೆಳೆಯುವುದಿಲ್ಲ.

ಅದನ್ನು ಬೆಳೆಸುವುದು ಹಿಂಡಿ ಮತ್ತು ನೀರು. ಧಾನ್ಯದ ಹಿಂಡಿ ಅಲ್ಲಿ ಹುಳಿತಾಗ ಹುಟ್ಟುವ ಆಮ್ಲಗಳು ಚೀಲದ ಒಳಗೋಡೆಯ ಮೇಲೆ ಸಣ್ಣ ಸಣ್ಣ ಎಸಳುಗಳನ್ನು ಬೆಳೆಸುತ್ತವೆ. ಮುಂದೆ ಹುಲ್ಲಿನ ಸಾರವನ್ನು ಹೀರುವುದು ಆ ಎಸಳುಗಳೇ. ಒಣಹುಲ್ಲು ಚೀಲದ ಗಾತ್ರವನ್ನೂ ಅದರ ಗೋಡೆಯ ಬಲವನ್ನೂ ಹೆಚ್ಚಿಸುತ್ತದೆ. ಬಾಲ್ದಿಯಲ್ಲಿ ಇಟ್ಟ ಶುದ್ಧ ನೀರು ಹಾಲಿನ ದಾರಿ ಹಿಡಿಯದೆ ದೊಡ್ಡ ಚೀಲಕ್ಕೇ ಇಳಿಯುತ್ತದೆ. ನೀರಿಲ್ಲದಿದ್ದರೆ ಸೂಕ್ಷ್ಮಜೀವಿಗಳು ಅಲ್ಲಿ ಬದುಕಲಾರವು. ಹಾಲು ಕುಡಿಯುವ ಕರುವಿಗೆ ನೀರೇಕೆ ಎಂಬ ಹಳೆಯ ಅಭಿಪ್ರಾಯ ನಮ್ಮ ಹಟ್ಟಿಗಳಲ್ಲಿ ಇನ್ನೂ ಉಳಿದಿದೆ. ಕರು ಹಿಂಡಿ ತಿನ್ನದಿರುವುದಕ್ಕೆ ಎಷ್ಟೋ ಸಲ ನೀರಿಲ್ಲದಿರುವುದೇ ಕಾರಣ.

ಆದುದರಿಂದ ಹಾಲು ಬಿಡಿಸುವ ದಿನವನ್ನು ಪಂಚಾಂಗ ನೋಡಿ ನಿಶ್ಚಯಿಸಲಾಗದು. ಕರುವಿಗೆ ಎರಡು ತಿಂಗಳಾಯಿತೇ ಮೂರಾಯಿತೇ ಎಂಬುದಕ್ಕಿಂತ ಅದು ದಿನಕ್ಕೆ ಎಷ್ಟು ಹಿಂಡಿ ತಿನ್ನುತ್ತದೆ ಎಂಬುದು ಮುಖ್ಯ. ಮಿಶ್ರತಳಿಯ ಕರು ಸತತವಾಗಿ ಮೂರು ದಿನ ಮುಕ್ಕಾಲು ಕಿಲೋದಿಂದ ಒಂದು ಕಿಲೋದಷ್ಟು ಹಿಂಡಿ ತಿಂದರೆ ಅದರ ಹೊಟ್ಟೆ ಹಾಲನ್ನು ಬಿಡಲು ಸಿದ್ಧವಾಗಿದೆ ಎಂದು ತಿಳಿಯಬಹುದು. ಚೆನ್ನಾಗಿ ನೋಡಿಕೊಂಡ ಕರುಗಳು 8ರಿಂದ 12 ವಾರಗಳ ನಡುವೆ ಈ ಹಂತಕ್ಕೆ ಬರುತ್ತವೆ.

ಗಿಣ್ಣಿನಿಂದ ಹಿಂಡಿಯವರೆಗೆ

ಹಾಲು ಬಿಡಿಸುವ ಕೆಲಸ ಆರಂಭವಾಗುವುದು ಕರು ಹುಟ್ಟಿದ ಗಂಟೆಯಲ್ಲಿಯೇ ಎಂದರೆ ಅತಿಶಯವಲ್ಲ. ಮನುಷ್ಯರ ಶಿಶುವಿಗೆ ತಾಯಿಯ ಗರ್ಭದಲ್ಲಿಯೇ ಒಂದಿಷ್ಟು ರೋಗನಿರೋಧಕ ಶಕ್ತಿ ದೊರೆಯುತ್ತದೆ. ದನದ ಕರುವಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬೇಕಾದುದೆಲ್ಲ ಗಿಣ್ಣುಹಾಲಿನಲ್ಲಿಯೇ ಬರಬೇಕು. ಆ ಶಕ್ತಿಯನ್ನು ಹೀರಿಕೊಳ್ಳುವ ಕರುಳಿನ ಬಾಗಿಲುಗಳು ಗಂಟೆಗಂಟೆಗೂ ಮುಚ್ಚುತ್ತಾ ಬಂದು ಒಂದು ದಿನದೊಳಗೆ ಪೂರ್ತಿ ಮುಚ್ಚಿಹೋಗುತ್ತವೆ. ಮಾಸು ಬೀಳುವವರೆಗೆ ಕರುವನ್ನು ಮೊಲೆಗೆ ಬಿಡಬಾರದೆಂಬ ರೂಢಿಯನ್ನು ಕೈಬಿಡಬೇಕಾದುದು ಈ ಕಾರಣಕ್ಕಾಗಿ. ಹುಟ್ಟಿದ ಎರಡು ಗಂಟೆಯೊಳಗೆ ಮೊದಲ ಗಿಣ್ಣು ಕರುವಿನ ಹೊಟ್ಟೆ ಸೇರಬೇಕು. ಮೊದಲ ದಿನದಲ್ಲಿ ಒಟ್ಟು ಅದರ ತೂಕದ ಹತ್ತರಲ್ಲೊಂದು ಪಾಲಾದರೂ ಸಿಗಬೇಕು. 28 ಕಿಲೋ ತೂಗುವ ಕರುವಿಗೆ ಇದು ಸುಮಾರು 3 ಲೀಟರ್. ನೆರೆಮನೆಗೆ ಗಿಣ್ಣು ಹಂಚುವ ಸಂಪ್ರದಾಯ ಬಹಳ ಒಳ್ಳೆಯದು. ಕರುವಿನ ಪಾಲು ಮುಗಿದ ಬಳಿಕ ಹಂಚಿದರೆ ಇನ್ನೂ ಒಳ್ಳೆಯದು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದನ್ನೂ ಅದೇ ದಿನ ಮರೆಯಬಾರದು.

ನಾಲ್ಕನೆಯ ದಿನದಿಂದ ಹಾಲು. ಇದೂ ತೂಕದ ಹತ್ತರಲ್ಲೊಂದು ಪಾಲು, ದಿನಕ್ಕೆ ಎರಡು ಅಥವಾ ಮೂರು ಸಲ, ಅದೇ ಹೊತ್ತಿಗೆ, ಮೈಬಿಸಿಯಷ್ಟು ಬೆಚ್ಚಗೆ. ಇಂದು ಎರಡು ಲೀಟರ್, ನಾಳೆ ನಾಲ್ಕು ಲೀಟರ್ ಎಂಬ ಅವ್ಯವಸ್ಥೆಯೇ ಹಾಲುಭೇದಿಗೆ ಮೂಲ. ಭೇದಿ ಹಿಡಿದ ಕರುವಿನ ಕಣ್ಣು ಒಳಗೆ ಇಳಿದು, ಚರ್ಮ ಚಿವುಟಿದರೆ ಹಿಂದಕ್ಕೆ ಬೇಗ ಸರಿಯದಿದ್ದರೆ ದೇಹದ ನೀರು ಬತ್ತಿದೆ ಎಂದು ತಿಳಿದು ಕೂಡಲೇ ಪಶುವೈದ್ಯರನ್ನು ಕಾಣಬೇಕು. ಅವರು ಬರುವವರೆಗೆ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಮತ್ತೆ ಮತ್ತೆ ಕುಡಿಸುವುದು ಪ್ರಾಣ ಉಳಿಸುವ ಕೆಲಸ. ಜಂತುಹುಳದ ಔಷಧಿಯನ್ನು ಎರಡನೆಯ ಮೂರನೆಯ ವಾರದಲ್ಲಿಯೇ ವೈದ್ಯರ ಸಲಹೆಯಂತೆ ಆರಂಭಿಸಬೇಕು. ಕರುಗಳ ದೊಡ್ಡ ಜಂತುಹುಳು ತಾಯಿಯ ಹಾಲಿನ ಮೂಲಕವೇ ಬರುವಂಥದು. ಹುಲ್ಲು ತಿನ್ನದ ಕರುವಿಗೆ ಹುಳ ಎಲ್ಲಿಂದ ಎಂದು ಕೇಳುವಂತಿಲ್ಲ.

ಎರಡನೆಯ ವಾರದಲ್ಲಿ ಹಾಲು ಕುಡಿದ ಕೂಡಲೇ ಒಂದು ಚಿಟಿಕೆ ಹಿಂಡಿಯನ್ನು ಕರುವಿನ ಮೂತಿಗೆ ಹಚ್ಚಿದರೆ ಅದು ನೆಕ್ಕಿ ರುಚಿ ಕಾಣುತ್ತದೆ. ಒಂದು ತಿಂಗಳಿಗೆ ಕಾಲು ಕಿಲೋ, ಎರಡು ತಿಂಗಳಿಗೆ ಅರ್ಧ ಕಿಲೋ ದಾಟಿದರೆ ದಾರಿ ಸರಿಯಾಗಿದೆ ಎಂದರ್ಥ. ಹಿಂಡಿಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವವರು ನುಚ್ಚು ಮಾಡಿದ ಜೋಳ, ಅಂದರೆ ಮೆಕ್ಕೆಜೋಳ, 45 ಪಾಲು, ನೆಲಗಡಲೆ ಹಿಂಡಿ 35 ಪಾಲು, ಗೋಧಿ ಬೂಸ 17 ಪಾಲು, ಖನಿಜ ಮಿಶ್ರಣ 2 ಪಾಲು, ಉಪ್ಪು 1 ಪಾಲು ಸೇರಿಸಬಹುದು. ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ಮಳೆಗಾಲದಲ್ಲಿ ನೆಲಗಡಲೆ ಹಿಂಡಿಗೆ ಬೂಷ್ಟು ಬೇಗ ಹಿಡಿಯುತ್ತದೆ. ಬೂಷ್ಟು ಹಿಡಿದುದು ದೊಡ್ಡ ದನಕ್ಕೂ ವಿಷ, ಕರುವಿಗಂತೂ ಹೇಳಬೇಕಾದುದೇ ಇಲ್ಲ. ಇನ್ನೊಂದು, ದೊಡ್ಡ ದನಗಳ ಕೆಲವು ಪಶು ಆಹಾರಗಳಲ್ಲಿ ಯೂರಿಯಾ ಇರುತ್ತದೆ. ಆರು ತಿಂಗಳೊಳಗಿನ ಕರುವಿಗೆ ಅದನ್ನು ಕೊಡಬಾರದು. ಚೀಲದ ಮೇಲಿನ ಬರಹವನ್ನು ಓದದೆ ಸುರಿಯಬಾರದು.

ಹಾಲು ಬಿಡಿಸುವ ಹದಿನಾಲ್ಕು ದಿನ

ದಿನಕ್ಕೆ 3 ಲೀಟರ್ ಹಾಲನ್ನು ಎರಡು ಹೊತ್ತು ಕುಡಿಯುವ ಕರುವಿಗೆ ಎರಡು ವಾರಗಳ ಕ್ರಮವೊಂದನ್ನು ಹೀಗೆ ಇಟ್ಟುಕೊಳ್ಳಬಹುದು. ಮೊದಲ ನಾಲ್ಕು ದಿನ ಸಂಜೆಯ ಹಾಲನ್ನು ಅರ್ಧಕ್ಕೆ ಇಳಿಸಬೇಕು. ಐದರಿಂದ ಎಂಟನೆಯ ದಿನದವರೆಗೆ ಸಂಜೆಯ ಹಾಲು ಪೂರ್ತಿ ನಿಲ್ಲಬೇಕು. ಬೆಳಗಿನದು ಹಾಗೆಯೇ ಇರಲಿ. ಒಂಬತ್ತರಿಂದ ಹನ್ನೊಂದನೆಯ ದಿನದವರೆಗೆ ಬೆಳಗಿನ ಹಾಲೂ ಅರ್ಧವಾಗಬೇಕು. ಕೊನೆಯ ಮೂರು ದಿನ ಅರ್ಧ ಲೀಟರಿನಷ್ಟು ಕೊಟ್ಟು ಹದಿನೈದನೆಯ ದಿನ ನಿಲ್ಲಿಸಬಹುದು. ಹಾಲು ಸಿಗುತ್ತಿದ್ದ ಹೊತ್ತಿಗೆ ಬರಿಗೈಯಲ್ಲಿ ಹೋಗದೆ ಬೆಚ್ಚಗಿನ ನೀರು ಮತ್ತು ಹೊಸ ಹಿಂಡಿ ಇಟ್ಟರೆ ಕೂಗು ಕಡಿಮೆಯಾಗುತ್ತದೆ. ಕರು ಹಾಲಿಗಾಗಿ ಕೂಗುವುದು ಎರಡು ಮೂರು ದಿನ. ಆ ಕೂಗಿಗೆ ಮನಸ್ಸು ಕರಗುವುದು ಸಹಜ, ಆದರೆ ಹಿಂಡಿ ತಿನ್ನುತ್ತಾ ನೀರು ಕುಡಿಯುತ್ತಾ ಇರುವ ಕರು ಹಸಿದು ಕೂಗುವುದಿಲ್ಲ, ಅಭ್ಯಾಸದಿಂದ ಕೂಗುತ್ತದೆ.

ಈ ದಿನಗಳಲ್ಲಿ ಕರುವಿನ ಬದುಕಿನಲ್ಲಿ ಬೇರೆ ಯಾವ ಬದಲಾವಣೆಯೂ ಆಗಬಾರದು. ಕೊಂಬು ಸುಡಿಸುವುದಿದ್ದರೆ ಅದನ್ನು ಎರಡು ಮೂರು ವಾರದ ವಯಸ್ಸಿನಲ್ಲಿಯೇ ವೈದ್ಯರಿಂದ ಮಾಡಿಸಿ ಮುಗಿಸಿರಬೇಕು. ಹೊಸ ಜಾಗಕ್ಕೆ ಕಟ್ಟುವುದು, ಹಿಂಡಿಯ ಬಗೆ ಬದಲಿಸುವುದು, ಲಸಿಕೆ ಹಾಕಿಸುವುದು ಇವೆಲ್ಲ ಹಾಲು ಬಿಟ್ಟು ಹತ್ತು ಹದಿನೈದು ದಿನ ಕಳೆದ ಮೇಲೆ. ಕಾಲುಬಾಯಿ ಜ್ವರದ ಲಸಿಕೆಗೆ ನಾಲ್ಕು ತಿಂಗಳು ತುಂಬಿರಬೇಕು; ಹೆಣ್ಣು ಕರುಗಳಿಗೆ ಬ್ರುಸೆಲ್ಲಾ ಲಸಿಕೆಯನ್ನು 4ರಿಂದ 8 ತಿಂಗಳೊಳಗೆ ಜೀವಮಾನದಲ್ಲಿ ಒಂದೇ ಸಲ ಹಾಕಿಸುತ್ತಾರೆ. ಒಂಟಿ ಕರುವಿಗಿಂತ ಜೊತೆಯಿರುವ ಕರುಗಳು ಬೇಗ ಹಿಂಡಿ ಕಲಿಯುತ್ತವೆ. ಆದರೆ ಜೊತೆಯಲ್ಲಿ ಬಿಟ್ಟ ಕರುಗಳು ಪರಸ್ಪರ ಕಿವಿ, ಹೊಕ್ಕುಳು, ಎಳೆ ಕೆಚ್ಚಲುಗಳನ್ನು ಚೀಪತೊಡಗಿದರೆ ಮುಂದೆ ಕೆಚ್ಚಲು ಕೆಡುತ್ತದೆ. ಹಾಲು ಕುಡಿದ ಕೂಡಲೇ ಬಾಯಿ ಒರೆಸಿ, ಒಂದಿಷ್ಟು ಉಪ್ಪು ನೆಕ್ಕಿಸಿ, ಕಾಲು ಗಂಟೆ ಬೇರೆಬೇರೆ ಕಟ್ಟಿದರೆ ಈ ಚಟ ಬೆಳೆಯುವುದಿಲ್ಲ.

ಗಿಡ್ಡ ದನದ ಮಾತು ಬೇರೆ

ಮೇಲೆ ಹೇಳಿದ ಕ್ರಮ ಮಿಶ್ರತಳಿಗೆ ತಕ್ಕುದು. 1963ರಲ್ಲಿ ಇಡುಕ್ಕಿಯ ಮಾಟ್ಟುಪೆಟ್ಟಿಯಲ್ಲಿ ಆರಂಭವಾದ ಇಂಡೋ-ಸ್ವಿಸ್ ಯೋಜನೆಯಿಂದ ಮೂಡಿಬಂದ ಸುನಂದಿನಿಯಂಥ ದನಗಳು ಕರು ಹತ್ತಿರವಿಲ್ಲದೆಯೂ ಹಾಲು ಕೊಡುತ್ತವೆ, ಯಂತ್ರಕ್ಕೂ ಒಗ್ಗುತ್ತವೆ. ನಮ್ಮದೇ ಕಾಸರಗೋಡು ಗಿಡ್ಡ ದನಗಳ ಸ್ವಭಾವ ಹಾಗಲ್ಲ. ಬದಿಯಡ್ಕ ಸಮೀಪದ ಬೇಳದಲ್ಲಿ ಸರಕಾರದ ಕೇಂದ್ರವೊಂದು ಕಾಪಿಡುತ್ತಿರುವ ಈ ತಳಿ ಕಡಿಮೆ ಮೇವಿನಲ್ಲಿ, ಗುಡ್ಡದ ಹುಲ್ಲಿನಲ್ಲಿ ಬದುಕಬಲ್ಲುದು. ಕರು ಮೊಲೆಗೆ ಬಾಯಿ ಹಾಕದೆ ಇದು ಸಾಮಾನ್ಯವಾಗಿ ತೊರೆ ಬಿಡುವುದಿಲ್ಲ.

ತೊರೆ ಬಿಡುವುದಕ್ಕೆ ಆಕ್ಸಿಟೋಸಿನ್ ಎಂಬ ರಸ ತಾಯಿಯ ರಕ್ತದಲ್ಲಿ ಹರಿಯಬೇಕು. ಕರುವಿನ ಸ್ಪರ್ಶ, ಪರಿಚಿತ ಕೈಗಳ ಒರಸು, ಹಿಂಡಿಯ ಪಾತ್ರೆಯ ಶಬ್ದ ಇವುಗಳಿಂದ ಅದು ಹರಿಯುತ್ತದೆ. ಹೆದರಿಕೆ, ನೋವು, ಗದ್ದಲಗಳಿಂದ ತಡೆಯುತ್ತದೆ. ಆದುದರಿಂದ ಗಿಡ್ಡ ದನದ ಕರುವನ್ನು ಬೇಗ ಹಾಲು ಬಿಡಿಸಹೋದರೆ ತಾಯಿಯೇ ಬತ್ತಿಹೋಗುವುದು ಖಂಡಿತ. ಇಲ್ಲಿ ಕರುವಿಗೆ ಒಂದು ಪಾಲು, ಮನೆಗೆ ಒಂದು ಪಾಲು ಎಂಬ ಹಿರಿಯರ ಕ್ರಮವೇ ಸರಿ. ಆರೇಳು ತಿಂಗಳಾಗುವಾಗ ತಾಯಿಯೇ ಕರುವನ್ನು ಒದ್ದು ದೂರ ಮಾಡುತ್ತದೆ. ಸೂಜಿಮದ್ದು ಚುಚ್ಚಿ ತೊರೆ ಬಿಡಿಸುವ ಅಡ್ಡದಾರಿಗೆ ಯಾರೂ ಹೋಗಬಾರದು.

ಯಂತ್ರ ನಿಂತ ಹೊತ್ತು

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ತೆಂಗು, ಅಡಿಕೆ, ಹಲಸಿನ ಮರಗಳ ನಡುವೆ ಹಾದುಹೋಗುವ ತಂತಿಗಳು ಆ ದಿನಗಳಲ್ಲಿ ಎಷ್ಟು ಹೊತ್ತಿಗೆ ತುಂಡಾಗುತ್ತವೆಂದು ಹೇಳಲಾಗದು.

ಕಳೆದ ಆಟಿಯಲ್ಲಿ ನಮ್ಮ ಹಟ್ಟಿಯಲ್ಲಿ ಆರು ದನಗಳ ಪೈಕಿ ನಾಲ್ಕು ಕರೆಯುವಂಥವು. ಎರಡು ಹೆಣ್ಣು ಕರುಗಳು ಹಾಲು ಬಿಡುವ ಒಂಬತ್ತನೆಯ ದಿನದಲ್ಲಿದ್ದವು. ಆ ರಾತ್ರಿ ಅಡಿಕೆ ಮರವೊಂದು ತಂತಿಯ ಮೇಲೆ ಬಿದ್ದು ಮೂರು ದಿನ ಕರೆಂಟು ಇರಲಿಲ್ಲ. ಮೊದಲ ದಿನ ಬೆಳಿಗ್ಗೆ ಅತ್ತಿಗೆ ನಾಲ್ಕನ್ನೂ ಕೈಯಲ್ಲಿಯೇ ಕರೆದರು. ಯಂತ್ರ ಬಂದ ಮೇಲೆ ಕೈಗೆ ಅಭ್ಯಾಸ ತಪ್ಪಿತ್ತು. ಒಂದೊಂದು ದನಕ್ಕೂ ಕಾಲು ಗಂಟೆಗಿಂತ ಹೆಚ್ಚು ಬೇಕಾಯಿತು. ಹೊಸತಾಗಿ ಕರು ಹಾಕಿದ್ದನ್ನು ಮೊದಲು, ಹಾಲು ಕಡಿಮೆಯಾಗುತ್ತಾ ಬಂದದ್ದನ್ನು ಕೊನೆಗೆ ಎಂದು ಕ್ರಮ ಮಾಡಿಕೊಂಡರು. ಕೊನೆಯದನ್ನು ಮುಗಿಸುವಷ್ಟರಲ್ಲಿ ಸೊಸೈಟಿಯ ಹೊತ್ತು ಮೀರಿತ್ತು. ಆ ಹಾಲು ಮಜ್ಜಿಗೆ ಬೆಣ್ಣೆಯಾಯಿತು.

ಸಂಜೆ ನೆರೆಮನೆಯ ದೊಡ್ಡಮ್ಮ ಬಂದವರು, "ಕರುಗಳನ್ನು ಬಿಟ್ಟುಬಿಡು ಮಗಳೇ, ಎರಡು ದನದ ಹಾಲು ಅವೇ ಕುಡಿಯಲಿ. ನಿನ್ನ ಕೈಯಾದರೂ ಉಳಿಯುತ್ತದೆ" ಎಂದರು. ಒಂದು ನಿಮಿಷ ಎಲ್ಲರಿಗೂ ಅದೇ ಸರಿಯೆನಿಸಿತು. ಅತ್ತಿಗೆ ಒಪ್ಪಲಿಲ್ಲ. "ಇವತ್ತು ಬಿಟ್ಟರೆ ನಾಳೆ ಅವನ್ನು ಯಾರು ತಡೆಯುವುದು ದೊಡ್ಡಮ್ಮ? ಒಂಬತ್ತು ದಿನ ಕೂಗಿದ್ದು ಹಾಳಾಗುತ್ತದೆ" ಎಂದರು.

ಆ ಮಾತಿನಲ್ಲಿ ಶಾಸ್ತ್ರವೂ ಇತ್ತು. ಹಾಲು ಕಡಿಮೆಯಾದ ಹೊಟ್ಟೆಗೆ ಒಮ್ಮೆಲೇ ಐದಾರು ಲೀಟರ್ ಬಿದ್ದರೆ ಭೇದಿ ಹಿಡಿಯುವುದು ನಿಶ್ಚಯ. ಒಂದು ದನವನ್ನು ಚೀಪಿದ ಬಾಯಿ ಇನ್ನೊಂದನ್ನು ಚೀಪಿದರೆ ಕೆಚ್ಚಲುಬಾವಿನ ರೋಗಾಣುಗಳು ದಾಟುತ್ತವೆ. ಮೊಲೆಯ ನೆನಪು ಮರುಕಳಿಸಿದ ಕರು ಹಿಂಡಿಯ ಪಾತ್ರೆಯತ್ತ ತಿರುಗಿಯೂ ನೋಡುವುದಿಲ್ಲ. ಹೀಗೆ ಯಂತ್ರ ನಿಂತ ದಿನಗಳಲ್ಲಿ ಅನುಸರಿಸಬೇಕಾದ ನಿಯಮ ಒಂದೇ: ಹಾಲು ಬಿಡಿಸುವ ಕ್ರಮದಲ್ಲಿ ಹೆಜ್ಜೆ ಹಿಂದಿಡಬಾರದು, ಮುಂದೆಯೂ ಇಡಬಾರದು. ಒಂಬತ್ತನೆಯ ದಿನದ ಅಳತೆಯನ್ನೇ ಬಾಲ್ದಿಯಲ್ಲಿ ಕೊಡುತ್ತಾ, ಹಟ್ಟಿ ಮತ್ತೆ ಹದಕ್ಕೆ ಬಂದ ಮೇಲೆ ಹತ್ತನೆಯ ದಿನವನ್ನು ಆರಂಭಿಸಬೇಕು. ನಮ್ಮಲ್ಲಿಯೂ ಹಾಗೆಯೇ ಮಾಡಲಾಯಿತು.

ಎರಡನೆಯ ದಿನ ಜನರೇಟರ್ ಒಂದು ಬಾಡಿಗೆಗೆ ಸಿಕ್ಕಿತು. ಮೋಟರ್ ತಿರುಗಿತು, ಆದರೆ ಬಟ್ಟಲುಗಳು ಮೊಲೆಯಲ್ಲಿ ನಿಲ್ಲದೆ ಜಾರಿ ಬೀಳತೊಡಗಿದವು. ಪಕ್ಕದ ಓಣಿಯ ಇಲೆಕ್ಟ್ರೀಷಿಯನ್ ಹುಡುಗ ಮೋಟರಿಗೆ ಕಿವಿಗೊಟ್ಟು, ಬೆಲ್ಟ್ ಒತ್ತಿ ನೋಡಿ, "ಅಕ್ಕಾ, ಮೋಟರಿನದ್ದು ಏನೂ ಇಲ್ಲ. ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ" ಎಂದ. ಕೊಳವೆಯ ಉದ್ದಕ್ಕೂ ಸಾಬೂನು ನೀರು ಸವರುತ್ತಾ ಹೋದಾಗ ಗೋಡೆಯ ಹಿಂದೆ ಇಲಿ ಕಡಿದ ಜಾಗವೊಂದರಲ್ಲಿ ನೊರೆ ಒಳಕ್ಕೆ ಹೀರಲ್ಪಟ್ಟಿತು. ನಾಲ್ಕು ಅಂಗುಲ ಕೊಳವೆ ಕತ್ತರಿಸಿ ಮತ್ತೆ ಸೇರಿಸಿದ ಮೇಲೆ ಮಾಪಕದ ಮುಳ್ಳು ಮೇಲೇರಿತು.

ಮುಳ್ಳು ಹೇಳುವ ಮಾತು

ಹಾಲು ಕರೆಯುವ ಯಂತ್ರದ ಗುಟ್ಟು ಬಹಳ ಸರಳ. ಪಂಪು ಗಾಳಿಯನ್ನು ಹೊರಗೆಳೆದು ನಿರ್ವಾತ ಉಂಟುಮಾಡುತ್ತದೆ. ಪಲ್ಸೇಟರ್ ಎಂಬ ಸಣ್ಣ ಪೆಟ್ಟಿಗೆ ನಿಮಿಷಕ್ಕೆ ಸುಮಾರು 60 ಸಲ ಆ ಎಳೆತವನ್ನು ಬಿಟ್ಟು ಹಿಡಿದು ಮಾಡುತ್ತದೆ. ಬಟ್ಟಲಿನೊಳಗಿನ ರಬ್ಬರ್ ಲೈನರ್ ಕರುವಿನ ನಾಲಿಗೆಯಂತೆ ಮೊಲೆಯನ್ನು ಅಮುಕಿ ಬಿಡುತ್ತದೆ. ನಿರ್ವಾತ ಮಾಪಕದ ಮುಳ್ಳು 40ರಿಂದ 50 ಕಿಲೋಪಾಸ್ಕಲ್, ಪಾದರಸದ ಅಳತೆಯಲ್ಲಾದರೆ ಸುಮಾರು 300ರಿಂದ 375 ಮಿಲಿಮೀಟರ್ ನಡುವೆ ನಿಲ್ಲಬೇಕು. ಹೆಚ್ಚಾದರೆ ಮೊಲೆಯ ತುದಿ ಗಾಯವಾಗುತ್ತದೆ. ಕಡಿಮೆಯಾದರೆ ಬಟ್ಟಲು ಜಾರುತ್ತದೆ, ಹಾಲು ಒಳಗೇ ಉಳಿಯುತ್ತದೆ.

ಹೀಗೆ ಉಳಿಯುವ ಹಾಲೇ ಕೊಬ್ಬಿನ ಹಾಲು. ಮೊದಲು ಬರುವ ಹಾಲು ತೆಳ್ಳಗೆ, ಕೊನೆಯದು ದಪ್ಪ. ಸೊಸೈಟಿಯಲ್ಲಿ ಬೆಲೆ ನಿಶ್ಚಯವಾಗುವುದು ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳ ಮೇಲೆ. ಆದುದರಿಂದ ಮೇವು ಬದಲಾಗದೆ, ದನ ಬದಲಾಗದೆ, ಚೀಟಿಯಲ್ಲಿ ಕೊಬ್ಬಿನ ಅಂಕೆ ಮಾತ್ರ ಮೂರು ನಾಲ್ಕು ದಿನ ಇಳಿಯುತ್ತಾ ಬಂದರೆ ಒಮ್ಮೆ ಯಂತ್ರದ ಮುಳ್ಳನ್ನು ನೋಡುವುದು ಒಳ್ಳೆಯದು.

ಪಲ್ಸೇಟರ್ ಸರಿಯಿದೆಯೇ ಎಂದು ತಿಳಿಯಲು ಬಟ್ಟಲಿನೊಳಗೆ ಹೆಬ್ಬೆರಳು ಇಟ್ಟು ಒಂದು ನಿಮಿಷ ಎಣಿಸಿದರೆ ಸಾಕು. ಮಳೆಗಾಲದ ತೇವದಿಂದಲೂ ಒಳಸೇರಿದ ಹಾಲಿನಿಂದಲೂ ಅದು ಅಂಟಿಕೊಳ್ಳುವುದು ಸಾಮಾನ್ಯ. ಬಿಚ್ಚಿ ಒಣಬಟ್ಟೆಯಿಂದ ಒರೆಸಿದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಮೋಟರ್ ಬರಿದೇ ಗುಂಯ್‌ಗುಡುತ್ತಾ ತಿರುಗದಿದ್ದರೆ ಕೆಪಾಸಿಟರ್ ಹೋಗಿರಬಹುದು ಅಥವಾ ವೋಲ್ಟೇಜ್ ಸಾಲದಿರಬಹುದು. ಕೂಡಲೇ ಸ್ವಿಚ್ ತೆಗೆಯದಿದ್ದರೆ ಸುತ್ತು ಸುಟ್ಟುಹೋಗುತ್ತದೆ. ಪಂಪಿನ ಎಣ್ಣೆಯನ್ನು ವಾರಕ್ಕೊಮ್ಮೆ ನೋಡಬೇಕು. ಲೈನರುಗಳ ಆಯುಷ್ಯ ಸುಮಾರು 2500 ದನ ಕರೆಯುವಷ್ಟು, ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಬಿರುಕು ಬಿಟ್ಟ ರಬ್ಬರಿನೊಳಗೆ ಅಡಗುವ ರೋಗಾಣುಗಳನ್ನು ಯಾವ ಸೋಪೂ ತೊಳೆಯಲಾರದು.

ಕರೆದ ಕೂಡಲೇ ಉಗುರುಬೆಚ್ಚಗಿನ ನೀರು, ಬಳಿಕ ಸೋಪು ಬೆರೆಸಿದ ಬಿಸಿನೀರು, ಕೊನೆಗೆ ಶುದ್ಧ ನೀರು, ಇದು ತೊಳೆಯುವ ಕ್ರಮ. ಮೊದಲೇ ಕುದಿಯುವ ನೀರು ಹಾಕಿದರೆ ಹಾಲು ಒಳಗೋಡೆಗೆ ಅಂಟಿಕೊಳ್ಳುತ್ತದೆ. ಕರೆಂಟು ಇಲ್ಲದ ದಿನ ನೀರು ಕಾಯಿಸಲು ಗೋಬರ್ ಗ್ಯಾಸ್ ಇರುವ ಮನೆಯವರು ಭಾಗ್ಯವಂತರು.

ಹುಲ್ಲಿನ ಯಂತ್ರ ಮತ್ತು ಎಳೆಯ ಬಾಯಿ

ಹಾಲು ಬಿಟ್ಟ ಕರುವಿಗೆ ನೇಪಿಯರ್ ಹುಲ್ಲಿನ ದಂಟನ್ನು ಇಡಿಯಾಗಿ ಹಾಕಿದರೆ ಅದು ಎಲೆಯನ್ನಷ್ಟೇ ಎಳೆದು ತಿಂದು ಉಳಿದುದನ್ನು ತುಳಿಯುತ್ತದೆ. ಒಂದು ಅಂಗುಲಕ್ಕೆ ಕತ್ತರಿಸಿದ ಹುಲ್ಲು ಅದರ ಬಾಯಿಗೆ ಸರಿ. ಹುಲ್ಲಿನ ಯಂತ್ರ ಮೊಂಡಾಗಿದೆಯೆಂದು ಗುರುತಿಸಲು ಕತ್ತರಿಸಿದ ತುದಿಗಳನ್ನು ನೋಡಬೇಕು. ನಾರು ಸಿಬಿರೆದ್ದಿದ್ದರೆ ಅಲಗು ಹರಿತ ಮಾಡುವ ಕಾಲ ಬಂದಿದೆ. ಅಲಗಿಗೂ ಎದುರಿನ ಪಟ್ಟಿಗೂ ನಡುವೆ ಒಂದು ಕಾಗದ ಹಾಯುವಷ್ಟೇ ಸಂದು ಇರಬೇಕು. ಅಡಿಕೆ ಹಾಳೆಯನ್ನು ಮೇವಾಗಿ ಕತ್ತರಿಸುವ ಮನೆಗಳಲ್ಲಿ ಅಲಗು ಬೇಗ ಮೊಂಡಾಗುವುದರಿಂದ ಬದಲಿ ಜೋಡಿಯೊಂದು ಇರುವುದು ಲೇಸು.

ಹುಲ್ಲು ಸಿಕ್ಕಿಕೊಂಡಾಗ ಕೈಯಿಂದ ದೂಡಬಾರದು. ಸ್ವಿಚ್ ತೆಗೆದು, ಪ್ಲಗ್ಗನ್ನೂ ಕಿತ್ತು, ಚಕ್ರ ಪೂರ್ತಿ ನಿಂತ ಮೇಲೆಯೇ ಬಾಯಿಗೆ ಕೈ ಹಾಕಬೇಕು. ಸೀರೆಯ ಸೆರಗು, ಹೆಗಲಿನ ಬೈರಾಸು ಬೆಲ್ಟಿನ ಹತ್ತಿರ ಸುಳಿಯಬಾರದು. ಬೆರಳು ಕಳೆದುಕೊಂಡವರ ಕೈಗಳನ್ನು ನಾವೆಲ್ಲ ಎಲ್ಲೋ ಒಂದು ಕಡೆ ನೋಡಿಯೇ ಇದ್ದೇವೆ. ಯಂತ್ರವಿಲ್ಲದ ದಿನ ಕತ್ತಿಯಿಂದ ಎಳೆ ಎಲೆಗಳನ್ನು ಮಾತ್ರ ಕೊಯ್ದು ಕರುವಿಗೆ ಹಾಕಿ, ದೊಡ್ಡ ದನಗಳಿಗೆ ಬೈಹುಲ್ಲು ಹೆಚ್ಚಿಸಿದರೆ ಎರಡು ಮೂರು ದಿನ ಸಾಗುತ್ತದೆ.

ಒಂದು ಲೆಕ್ಕ

ಲೀಟರಿಗೆ 45 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ, ದಿನಕ್ಕೆ 3 ಲೀಟರ್ ಕುಡಿಯುವ ಕರುವನ್ನು ಒಂದು ತಿಂಗಳು ಮೊದಲು ಹಾಲು ಬಿಡಿಸುವುದರಿಂದ ಉಳಿಯುವುದು 4050 ರೂಪಾಯಿ. ಈ ಉಳಿತಾಯದ ಆಸೆಗೆ ಹಿಂಡಿ ಕಲಿಯದ ಕರುವನ್ನು ಅವಸರದಿಂದ ಬಿಡಿಸಿದರೆ ಏನಾಗುತ್ತದೆಂದು ನೋಡೋಣ. ಮಿಶ್ರತಳಿಯ ಕಡಸಿಗೆ ಸುಮಾರು 250 ಕಿಲೋ ತೂಕ ಬಂದಾಗ ಗರ್ಭ ಕಟ್ಟಿಸಬಹುದು. 28 ಕಿಲೋದಲ್ಲಿ ಹುಟ್ಟಿದ ಕರು ದಿನಕ್ಕೆ 450 ಗ್ರಾಂ ಬೆಳೆದರೆ ಈ ತೂಕಕ್ಕೆ ಸುಮಾರು 16 ತಿಂಗಳು ಸಾಕು. 300 ಗ್ರಾಂ ಮಾತ್ರ ಬೆಳೆದರೆ 24 ತಿಂಗಳು ಬೇಕು. ಮೊದಲ ಕರು ಹಾಕುವುದು ಎಂಟು ತಿಂಗಳು ಹಿಂದೆ ಬೀಳುತ್ತದೆ. ಎಂಟು ತಿಂಗಳು ಹಾಲಿಲ್ಲದ ದನವನ್ನು ಸಾಕುವ ಖರ್ಚಿನ ಮುಂದೆ ನಾಲ್ಕು ಸಾವಿರ ರೂಪಾಯಿ ಯಾವ ಲೆಕ್ಕ?

ತೂಕ ನೋಡಲು ತಕ್ಕಡಿ ಬೇಡ. ದರ್ಜಿಯ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಹೆಗಲಿನ ತುದಿಯಿಂದ ಪೃಷ್ಠದ ಎಲುಬಿನವರೆಗಿನ ಉದ್ದವನ್ನೂ ಅಂಗುಲದಲ್ಲಿ ಅಳೆಯಬೇಕು. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದುದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋ ಲೆಕ್ಕ ಸಿಗುತ್ತದೆ. 36 ಅಂಗುಲ ಸುತ್ತಳತೆ, 32 ಅಂಗುಲ ಉದ್ದದ ಕರು ಸುಮಾರು 63 ಕಿಲೋ. ತಿಂಗಳಿಗೊಮ್ಮೆ ಗೋಡೆಯ ಮೇಲೆ ಬರೆದಿಟ್ಟರೆ ಕರು ಬೆಳೆಯುತ್ತಿದೆಯೋ ನಿಂತಿದೆಯೋ ಎಂಬುದು ಕಣ್ಣಿಗಿಂತ ಮೊದಲು ಅಂಕೆಗೆ ಗೊತ್ತಾಗುತ್ತದೆ.

ನಮ್ಮ ಭಾಷೆಯಲ್ಲಿ ಒಂದು ಹಾಳೆ

ಕೊನೆಯದಾಗಿ, ಈ ಪತ್ರಿಕೆಯ ಓದುಗರು ಬೇಗ ಅರ್ಥ ಮಾಡಿಕೊಳ್ಳುವ ಒಂದು ಮಾತು. ಯಂತ್ರದ ಪೆಟ್ಟಿಗೆಯೊಳಗೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ. ಇಲಾಖೆಯ ಕರಪತ್ರ ಮಲಯಾಳದಲ್ಲಿ ಬರುತ್ತದೆ. ರಿಪೇರಿಗೆ ಬರುವವನೊಡನೆ ಮಲಯಾಳ, ಕೆಲಸದವನೊಡನೆ ಹಿಂದಿ, ನೆರೆಯವರೊಡನೆ ತುಳು, ದನದೊಡನೆ ಕನ್ನಡ, ಹೀಗೆ ಒಂದೇ ಹಟ್ಟಿಯಲ್ಲಿ ನಾಲ್ಕು ಭಾಷೆಗಳು ನಡೆಯುತ್ತವೆ. ಮಾತಿಗೆ ಇದರಿಂದ ತೊಂದರೆಯಿಲ್ಲ. ನಾವು ಹೀಗೆಯೇ ಬದುಕಿ ಬಂದವರು. ಆದರೆ ಬೆಳಗಿನ ಐದು ಗಂಟೆಗೆ ಯಂತ್ರ ನಿಂತಾಗ, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ ಓದಿದ ಅರುವತ್ತು ವರ್ಷದ ಗೃಹಿಣಿಗೆ ಆ ಕೈಪಿಡಿಯಿಂದ ಪ್ರಯೋಜನವಿಲ್ಲ. ಹಿಂಡಿಯ ಚೀಲದ ಮೇಲಿನ ಎಚ್ಚರಿಕೆಯೂ ಅವರಿಗೆ ತಲುಪುವುದಿಲ್ಲ.

ಇದಕ್ಕೆ ಪರಿಹಾರ ಬಹಳ ದೊಡ್ಡದಲ್ಲ. ಮುಳ್ಳು ಎಲ್ಲಿ ನಿಲ್ಲಬೇಕು, ಎಣ್ಣೆ ಯಾವಾಗ, ಲೈನರ್ ಬದಲಿಸಿದ ತಾರೀಕು ಯಾವುದು, ಗಾಳಿ ಸೋರಿದರೆ ಎಲ್ಲಿ ಹುಡುಕಬೇಕು, ಕರೆಂಟು ಹೋದರೆ ಯಾವ ದನ ಮೊದಲು, ಕರುವಿನ ಹಾಲಿನ ಅಳತೆ ಇಂದು ಎಷ್ಟು, ಪಶುವೈದ್ಯರ ಮತ್ತು ರಿಪೇರಿಯವನ ಫೋನು ನಂಬರು, ಇಷ್ಟನ್ನು ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಪ್ಲಾಸ್ಟಿಕ್ಕಿನೊಳಗೆ ಹಾಕಿ ಹಟ್ಟಿಯ ಗೋಡೆಗೆ ತೂಗಹಾಕಿದರೆ ಸಾಕು. ಮನೆಯ ಶಾಲೆಯ ಮಕ್ಕಳಿಗೆ ಇದು ಒಂದು ಭಾನುವಾರದ ಕೆಲಸ. ನಮ್ಮ ಹಾಲಿನ ಸಂಘಗಳು ಒಂದು ಜೊತೆ ಲೈನರ್, ಒಂದು ಬೆಲ್ಟ್, ಒಂದು ಕೆಪಾಸಿಟರ್, ಹತ್ತು ಅಡಿ ಕೊಳವೆ ಇವನ್ನು ತೆಗೆದಿಟ್ಟು, ಬೇಕಾದ ಸದಸ್ಯರಿಗೆ ಕೊಟ್ಟು ಹಾಲಿನ ಹಣದಲ್ಲಿ ಹಿಡಿದುಕೊಳ್ಳುವ ಏರ್ಪಾಡು ಮಾಡಿದರೆ ಭಾನುವಾರ ಅಂಗಡಿ ಮುಚ್ಚಿದ ದಿನವೂ ಹಟ್ಟಿ ನಿಲ್ಲುವುದಿಲ್ಲ. ಹತ್ತು ಮನೆಗಳು ಸೇರಿ ಒಂದು ಜನರೇಟರ್ ಇಟ್ಟುಕೊಳ್ಳುವ ಬಗ್ಗೆಯೂ ಯೋಚಿಸಬಹುದು. ಒಂದೊಂದು ಹಟ್ಟಿಗೆ ಅರ್ಧ ಗಂಟೆ ಸಾಕಾಗುತ್ತದೆ.

ಮುಂಗಾರು ಇನ್ನು ದೂರವಿಲ್ಲ. ಮೇ ತಿಂಗಳು ಕಳೆಯುವ ಮೊದಲು ಕೊಳವೆಗಳನ್ನು ಒಮ್ಮೆ ಸಾಬೂನು ನೀರಿನಿಂದ ನೋಡಿ, ಅಲಗು ಹರಿತ ಮಾಡಿಸಿ, ಹಿಂಡಿಯ ಚೀಲಗಳನ್ನು ನೆಲದಿಂದ ಎತ್ತರದ ಹಲಗೆಯ ಮೇಲೆ ಇರಿಸಿದರೆ ಅರ್ಧ ಕೆಲಸ ಮುಗಿದಂತೆ. ಸುರಿಮಳೆಯ ವಾರದಲ್ಲಿ ಹಾಲು ಬಿಡಿಸಬೇಕಾಗಿ ಬರುವ ಕರುಗಳು ಯಾವುವು ಎಂದು ಈಗಲೇ ಲೆಕ್ಕ ಹಾಕಿ, ಸಾಧ್ಯವಿದ್ದಷ್ಟನ್ನು ಅದಕ್ಕೆ ಮೊದಲೇ ಹಿಂಡಿಗೆ ಒಗ್ಗಿಸಿಕೊಳ್ಳಬೇಕು.